ತಪ್ಪೇ ಮಾಡದ ಗಾಡಿಯ ಓಡಾಟ ಪೊಲೀಸರ ಹತ್ತಿರ ಎಷ್ಟು ದಿನ ಇರಬೇಕು?

ಹಾಸನದ ಹಳದಿ ಬೋರ್ಡ್
ಎಲ್ಲರಿಗೂ ನಮಸ್ಕಾರ. ನಂದು ಟೂರಿಸ್ಟ್ ಟ್ಯಾಕ್ಸಿ. ಎಫ್‌ಸಿ ಮಾಡಿಸೋಕೆ ಹೋದಾಗ ಗಾಡಿ ಎಲ್ಲಿದೆ ಅಂತ ತೋರಿಸೋ ವಿಎಲ್‌ಟಿಡಿ ಇಲ್ಲದೆ ಆಗಲ್ಲ ಅಂದ್ರು, ಹಾಕಿಸಿದೆ. ಡ್ಯಾಶ್‌ಬೋರ್ಡ್ ಒಳಗಡೆ ಸಿಮ್ ಇರೋ ಪುಟ್ಟ ಡಬ್ಬಿ, ಸೀಟಿನ ಪಕ್ಕ ಕೆಂಪು ಪ್ಯಾನಿಕ್ ಬಟನ್. ಏಳೂವರೆ ಸಾವಿರದ ಮೇಲೆ ಖರ್ಚು, ಜಿಎಸ್‌ಟಿ ಬೇರೆ. ದುಡ್ಡಿನ ಸಂಕಟದ ಬಗ್ಗೆ ಸಂಘದಲ್ಲಿ ಸಾಕಷ್ಟು ಮಾತಾಡಿದ್ದೀವಿ, ಇಲ್ಲಿ ಅದು ಬೇಡ.

ನಾನು ಕೇಳೋದೇ ಬೇರೆ. ಬಾಡಿಗೆ ಇಲ್ಲದ ದಿನ ಇದೇ ಗಾಡೀಲಿ ಮಕ್ಕಳನ್ನ ಅಜ್ಜಿ ಮನೆಗೆ ಬಿಡ್ತೀನಿ. ಮನೆಯವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಸಂಘದ ಮೀಟಿಂಗಿಗೆ ಹೋಗ್ತೀನಿ. 2023ರ ಸೆಪ್ಟೆಂಬರ್ 11ಕ್ಕೆ ಖಾಸಗಿ ಸಾರಿಗೆಯವರೆಲ್ಲ ಸೇರಿ ಬೆಂಗಳೂರು ಬಂದ್ ಮಾಡಿದ್ವಲ್ಲ, ಅಂಥದ್ದು ಇನ್ನೊಂದ್ಸಲ ಆದ್ರೆ ಯಾವ್ಯಾವ ಗಾಡಿ ಫ್ರೀಡಂ ಪಾರ್ಕ್ ಕಡೆ ಬಂದಿತ್ತು ಅನ್ನೋದು ಕೂತಲ್ಲೇ ಸಿಕ್ಕಿಬಿಡುತ್ತೆ. ಊರು ಬಿಟ್ರೆ ಟೋಲಲ್ಲಿ ಫಾಸ್ಟ್‌ಟ್ಯಾಗ್, ಹೈವೇಲಿ ಕ್ಯಾಮೆರಾ, ಬೆಂಗಳೂರಿನ ಸರ್ಕಲ್‌ಗಳಲ್ಲಿ ಮತ್ತೆ ಕ್ಯಾಮೆರಾ. ತಪ್ಪು ಮಾಡಿದ್ರೆ ದಂಡ ಹಾಕ್ಲಿ, ಕಟ್ತೀನಿ. ತಪ್ಪೇ ಇಲ್ಲದೆ ಹೋಗಿ ಬಂದ ದಿನದ ಲೆಕ್ಕ ಯಾರ ಹತ್ತಿರ ಇರುತ್ತೆ, ಎಷ್ಟು ದಿನ ಇರುತ್ತೆ, ಯಾರು ತೆಗೆದು ನೋಡಬಹುದು? ತಿಳಿದವರು ದಯವಿಟ್ಟು ಹೇಳಿ.

ಮಂಡ್ಯದ ಹೈದ
ಅಣ್ಣ, ನಿಮ್ಮ ಪ್ರಶ್ನೆ ಸರಿಯಾಗೇ ಅದೆ. ಆದ್ರೆ 2025ರ ಮೇ ತಿಂಗಳಲ್ಲಿ ನಮ್ಮ ಮಂಡ್ಯದಲ್ಲಿ ಏನಾಯ್ತು ಅಂತ ನೆನಪು ಮಾಡ್ಕೊಳ್ಳಿ. ನಾಯಿ ಕಚ್ಚಿದ್ದ ಮಗೀನ ಬೈಕಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಯ್ತಿದ್ರು ಅಪ್ಪ ಅಮ್ಮ. ಹೆಲ್ಮೆಟ್ ತಪಾಸಣೆ ಅಂತ ಅಡ್ಡ ಹಾಕುದ್ರು. ಮೂರು ವರ್ಷದ ಕೂಸು ರಸ್ತೆಗೆ ಬಿದ್ದು ಪ್ರಾಣ ಬಿಡ್ತು. ಮೂವರು ಎಎಸ್‌ಐಗಳು ಸಸ್ಪೆಂಡ್ ಆದ್ರು, ಕೂಸು ವಾಪಸ್ ಬತ್ತದಾ?

ಕ್ಯಾಮೆರಾ ರಸ್ತೆಗೆ ಅಡ್ಡ ಬರಲ್ಲ, ಕೀ ಕಿತ್ಕೊಳ್ಳಲ್ಲ, ಲಾಠಿ ಬೀಸಲ್ಲ, ರಸೀದಿ ಬೇಡ ಅಂದ್ರೆ ಇಷ್ಟು ಕೊಡು ಅನ್ನಲ್ಲ. ನೋಟಿಸ್ ಮನೆಗೆ ಬರ್ಲಿ, ಕಟ್ಟನ. ಗಾಡಿ ಎಲ್ಲಿ ಹೋಯ್ತು ಅಂತ ಅವರು ಬರ್ಕೊಂಡ್ರೆ ನನಗೇನೂ ನಷ್ಟ ಇಲ್ಲ.

ಕೋಡ್ ಕುಲುಮೆ
ಇಂಥ ಸಿಸ್ಟಂಗಳ ಜೊತೆ ಕೆಲಸ ಮಾಡಿದ್ದೀನಿ, ಅದು ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ಬೆಂಗಳೂರಲ್ಲಿ 2022ರ ಡಿಸೆಂಬರ್‌ನಲ್ಲಿ ಐಟಿಎಂಎಸ್ ಅನ್ನೋ ಕ್ಯಾಮೆರಾ ಆಧಾರಿತ ಟ್ರಾಫಿಕ್ ವ್ಯವಸ್ಥೆ ಶುರುವಾದಾಗ 50 ಜಂಕ್ಷನ್‌ಗಳಲ್ಲಿ 250 ನಂಬರ್ ಪ್ಲೇಟ್ ಓದೋ ಕ್ಯಾಮೆರಾ, 80 ಸಿಗ್ನಲ್ ಜಂಪ್ ಹಿಡಿಯೋ ಕ್ಯಾಮೆರಾ ಹಾಕಿದ್ರು. ಈ ಎರಡು ಬಗೆ ಕ್ಯಾಮೆರಾಗಳ ವ್ಯತ್ಯಾಸ ತಿಳ್ಕೊಂಡ್ರೆ ಹಾಸನದ ಅಣ್ಣನ ಪ್ರಶ್ನೆ ಸ್ಪಷ್ಟ ಆಗುತ್ತೆ.

ಸಿಗ್ನಲ್ ಕ್ಯಾಮೆರಾ ಕೆಂಪು ದೀಪ ಇದ್ದಾಗ ಗೆರೆ ದಾಟಿದವರನ್ನ ಮಾತ್ರ ಹಿಡಿಯುತ್ತೆ. ಪ್ಲೇಟ್ ಓದೋ ಕ್ಯಾಮೆರಾ ಹಾಗಲ್ಲ. ಅದು ತನ್ನ ಮುಂದೆ ಹಾದುಹೋಗೋ ಪ್ರತಿಯೊಂದು ಗಾಡಿಯನ್ನೂ ಓದಲೇಬೇಕು, ಯಾಕಂದ್ರೆ ಓದೋವರೆಗೆ ಯಾರ ಗಾಡಿ ಅಂತ ಅದಕ್ಕೆ ಗೊತ್ತಿರಲ್ಲ. ರಾತ್ರಿ ಹೊತ್ತು ಇನ್‌ಫ್ರಾರೆಡ್ ಬೆಳಕು ಬಿಟ್ಟು ಓದುತ್ತೆ, ನಮ್ಮ ಕಣ್ಣಿಗೆ ಅದು ಕಾಣಲ್ಲ. ಓದಿದ ಕೂಡಲೇ ಒಂದು ಸಾಲು ದಾಖಲಾಗುತ್ತೆ: ನಂಬರ್, ಕ್ಯಾಮೆರಾ ಇರೋ ಜಾಗ, ತಾರೀಖು, ಸೆಕೆಂಡಿನ ಸಮೇತ ಸಮಯ, ಜೊತೆಗೆ ಫೋಟೊ. ಆಮೇಲೆ ಆ ನಂಬರನ್ನ ಕಳುವಾದ ಗಾಡಿಗಳ, ಪೊಲೀಸರು ಹುಡುಕ್ತಿರೋ ಗಾಡಿಗಳ ಪಟ್ಟಿ ಜೊತೆ ತಾಳೆ ನೋಡುತ್ತೆ. ತಾಳೆ ಆದ್ರೆ ಕಂಟ್ರೋಲ್ ರೂಮಿಗೆ ಸದ್ದು ಹೋಗುತ್ತೆ.

ತಾಳೆ ಆಗದ ಸಾಲಿನ ಕಥೆ ಏನು? ನೂರು ಗಾಡೀಲಿ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಅದೇ ಇರುತ್ತೆ. ಅಲ್ಲೇ ಅಳಿಸಬಹುದು. ಒಂದು ದಿನ ಇಟ್ಟು ಅಳಿಸಬಹುದು. ವರ್ಷಗಟ್ಟಲೆ ಇಡಬಹುದು. ಸಾಫ್ಟ್‌ವೇರಿನಲ್ಲಿ ಅದು ಬರೀ ಒಂದು ಸೆಟ್ಟಿಂಗ್. ಆ ಸೆಟ್ಟಿಂಗ್ ಎಷ್ಟಿರಬೇಕು ಅಂತ ಕಾನೂನು ಹೇಳಬೇಕಾ, ಟೆಂಡರ್ ಕಾಗದ ಹೇಳಬೇಕಾ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಮಂಡ್ಯದವರಿಗೆ ಒಂದು ಮಾತು. ಒಂದು ಸಾಲಿನಿಂದ ನಿಮಗೆ ನಷ್ಟ ಇಲ್ಲ, ಒಪ್ತೀನಿ. ಆರು ತಿಂಗಳ ಸಾಲುಗಳನ್ನ ಒಟ್ಟಿಗಿಟ್ಟು ನೋಡಿ. ನೀವು ಎಲ್ಲಿ ಮಲಗ್ತೀರಿ, ಯಾವ ವಾರ ಯಾವ ಆಸ್ಪತ್ರೆ, ಯಾವ ಗುಡಿ ಅಥವಾ ಮಸೀದಿ, ಯಾವ ಪಕ್ಷದ ಆಫೀಸು, ಯಾರ ಮನೆ ಮುಂದೆ ರಾತ್ರಿ ಗಾಡಿ ನಿಲ್ಲುತ್ತೆ ಅನ್ನೋದೆಲ್ಲ ಗೊತ್ತಾಗುತ್ತೆ. 2020ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಇಂಥದ್ದೇ ಕ್ಯಾಮೆರಾಗಳ ಸುಮಾರು 86 ಲಕ್ಷ ದಾಖಲೆ ಪಾಸ್‌ವರ್ಡ್ ಕೂಡ ಇಲ್ಲದೆ ಇಂಟರ್ನೆಟ್ಟಿಗೆ ತೆರೆದು ಬಿದ್ದಿತ್ತು. ಇಟ್ಟದ್ದು ಸೋರುತ್ತೆ, ಇಡದೇ ಇದ್ದದ್ದು ಸೋರಲ್ಲ.

ನಿವೃತ್ತ ಪಿಎಸ್‌ಐ, ತುಮಕೂರು
ಮಾನ್ಯರೆ, ಇಲಾಖೆಯಲ್ಲಿ ಸೇವೆ ಸಲ್ಲಿಸಿದವನಾಗಿ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು.

ಅಪಹರಣದ ದೂರು ಬಂದಾಗ ಮೊದಲ ಕೆಲವು ಗಂಟೆಗಳೇ ಎಲ್ಲ. ಹಿಂದೆಲ್ಲ ನಾವು ಹೆದ್ದಾರಿಯ ಪ್ರತಿ ಪೆಟ್ರೋಲ್ ಬಂಕಿಗೂ ಹೋಗಿ, ಮಾಲೀಕರನ್ನು ನಿದ್ದೆಯಿಂದ ಎಬ್ಬಿಸಿ, ಅವರ ಡಿವಿಆರ್ ಮುಂದೆ ಕೂತು, ಕತ್ತಲಲ್ಲಿ ಹಾದುಹೋದ ಹೆಡ್‌ಲೈಟುಗಳಲ್ಲಿ ಒಂದು ಬಿಳಿ ಕಾರನ್ನು ಹುಡುಕುತ್ತಿದ್ದೆವು. ಅಷ್ಟರಲ್ಲಿ ಆ ಕಾರು ಗಡಿ ದಾಟಿರುತ್ತಿತ್ತು. ಈಗ ನಂಬರ್ ಹಾಕಿದರೆ ಕೊನೆಯ ಬಾರಿ ಎಲ್ಲಿ ಕಂಡಿತು ಎಂದು ತಿಳಿಯುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತವನಿಗೆ ಇದರ ಬೆಲೆ ಗೊತ್ತು. ಅಪರಾಧ ನಡೆದದ್ದು ನಮಗೆ ತಿಳಿಯುವುದೇ ಎಷ್ಟೋ ಸಲ ಎರಡು ದಿನ ಬಿಟ್ಟು. ಹಾಗಾಗಿ ಅಲ್ಲೇ ಅಳಿಸಿ ಎಂಬುದನ್ನು ನಾನು ಒಪ್ಪಲಾರೆ.

ರಸ್ತೆಯ ಪ್ರಾಣಹಾನಿಯನ್ನೂ ಮರೆಯಬೇಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಅಪಘಾತಗಳ ಸಾಲು ಎಷ್ಟಿತ್ತೆಂದು ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಆ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧವಾದವು. ಬಳಿಕ ಕ್ಯಾಮೆರಾಗಳು ಬಂದವು, ನೂರು ದಾಟಿದರೆ ನೋಟಿಸ್ ಎಂಬ ಭಯ ಹುಟ್ಟಿತು. ಅಷ್ಟು ಉದ್ದದ ರಸ್ತೆಯನ್ನು ಪೇದೆಗಳಿಂದ ಕಾಯಿಸಲು ಸಾಧ್ಯವಿಲ್ಲ.

ಮಂಡ್ಯದ ಘಟನೆ ನನಗೂ ನೋವು ತಂದಿದೆ. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಬಾರದು ಎಂದು 2022ರಲ್ಲೇ ಅಂದಿನ ಡಿಜಿಪಿ ಹೇಳಿದ್ದರು.

ರಾಣೆಬೆನ್ನೂರು ಲಾರಿ ಆಫೀಸ್
ಪಿಎಸ್‌ಐ ಸಾಹೇಬ್ರ, ನಿಮ್ಮ ಮಾತಿಗೆ ಬೆಲೆ ಐತಿ. ಆದ್ರ ಕಳ್ಳ ಏನ್ ಮಾಡ್ತಾನ ಅಂತ ನೋಡ್ರಿ. 2025ರ ನವೆಂಬರ್‌ದಾಗ ಬೆಂಗಳೂರಾಗ ಎಟಿಎಂಗೆ ರೊಕ್ಕ ಒಯ್ಯೋ ಗಾಡಿ ಅಡ್ಡಗಟ್ಟಿ 7 ಕೋಟಿ ಮ್ಯಾಲೆ ದೋಚಿದ್ರು. ತಾವು ರಿಸರ್ವ್ ಬ್ಯಾಂಕಿನವ್ರು ಅಂತ ಹೇಳಿದ್ರು, ಕಾರಿಗೆ ಹಾಕಿದ್ದು ಖೊಟ್ಟಿ ನಂಬರ್ ಪ್ಲೇಟ್. ಆ ಕೇಸಿನ್ಯಾಗ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್‌ನ್ನೂ ಹಿಡದ್ರು. ಅಂದ್ರ ಗಟ್ಟಿ ಕಳ್ಳ ಪ್ಲೇಟ್ ಬದಲು ಮಾಡ್ತಾನ. ಖರೇ ಪ್ಲೇಟ್ ಹಾಕ್ಕೊಂಡು ಅಡ್ಡಾಡೋರು ನಾವ, ಕ್ಯಾಮೆರಾದಾಗ ಪೂರಾ ಸಿಗೋರೂ ನಾವ.

ನಮ್ಮ ಆಫೀಸಿನ್ಯಾಗ ಆದದ್ದು ಹೇಳ್ತೀನಿ. ಒಂದು ಲಾರಿ ಇಲ್ಲೆ ಶೆಡ್ಡಿನ್ಯಾಗ ಗೇರ್‌ಬಾಕ್ಸ್ ಇಳಿಸ್ಕೊಂಡು ನಿಂತಿತ್ತು. ಅದ ನಂಬರಿಗೆ ಯಾವದೋ ದೂರದ ಊರಾಗ ಓವರ್‌ಸ್ಪೀಡ್ ಅಂತ ನೋಟಿಸ್ ಬಂತು. ಫೋಟೊ ತಗದು ನೋಡಿದ್ರ ನಮ್ಮ ಲಾರಿ ಹತ್ತು ಗಾಲಿದು, ಫೋಟೊದಾಗಿಂದು ಆರು ಗಾಲಿದು. ನಂಬರ್ ಮಾತ್ರ ನಮ್ದು. ಮೆಕ್ಯಾನಿಕ್ ಬಿಲ್, ಶೆಡ್ಡಿನ ಫೋಟೊ ಎಲ್ಲ ಕೊಟ್ಟು ಅಡ್ಡಾಡಿದ್ವಿ. ದಂಡ ಹೋಗ್ಲಿ, ಆ ಗಾಡಿ ಯಾರಿಗರ ಗುದ್ದಿ ಓಡಿ ಹೋಗಿದ್ರ? ಮೊದಲು ಎಳಕೊಂಡು ಹೋಗೋದು ನಮ್ಮ ಡ್ರೈವರ್‌ನ. ಮಷಿನ್ ಹೇಳಿದ್ದ ಖರೆ ಅಂತ ಕುಂತ್ರ ಬಡವ್ರ ಗತಿ ಏನ್ರಿ?

ರಾತ್ರಿ ಪಾಳಿ
ಹಾಸನದ ಅಣ್ಣನಿಗೆ ನೋವಾಗದ ಹಾಗೆ ಹೇಳಬೇಕು ಅಂತ ತುಂಬಾ ಯೋಚನೆ ಮಾಡಿ ಬರೀತಿದ್ದೀನಿ. ರಾತ್ರಿ ಎರಡಕ್ಕೆ ಆಫೀಸ್ ಕ್ಯಾಬ್ ಹತ್ತೋಳು ನಾನು. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಕಾಲ್ ಸೆಂಟರ್‌ನ ಹೆಣ್ಣುಮಗಳೊಬ್ಬಳನ್ನ ರಾತ್ರಿ ಪಾಳಿಗೆ ಕರ್ಕೊಂಡು ಹೋಗ್ತೀನಿ ಅಂತ ಬಂದ ಕ್ಯಾಬ್ ಚಾಲಕ ಅತ್ಯಾಚಾರ ಮಾಡಿ ಕೊಂದ. ನಾನು ಕೆಲಸಕ್ಕೆ ಸೇರಿದಾಗ ನಮ್ಮಮ್ಮ ಮೊದಲು ಕೇಳಿದ್ದೇ ಅದನ್ನ. ಹಾಗಾಗಿ ಆ ಕೆಂಪು ಬಟನ್ ನನಗೆ ಸಣ್ಣದಲ್ಲ. ಗಾಡಿ ಎಲ್ಲಿದೆ ಅಂತ ಇನ್ನೊಬ್ಬರಿಗೆ ಕಾಣ್ತಿದೆ ಅನ್ನೋ ಧೈರ್ಯದ ಮೇಲೇ ನಾನು ಕಣ್ಣು ಮುಚ್ಚಿ ನಿದ್ದೆ ಮಾಡ್ತೀನಿ.

ಹಾಸನದ ಹಳದಿ ಬೋರ್ಡ್
ಅಕ್ಕ, ಇದರಲ್ಲಿ ನೋವಾಗೋದು ಏನೂ ಇಲ್ಲ. ನನಗೂ ಮಗಳಿದ್ದಾಳೆ. ಪ್ಯಾಸೆಂಜರ್ ಗಾಡೀಲಿ ಇದ್ದಷ್ಟು ಹೊತ್ತು ನೋಡಲಿ, ಹಗಲು ರಾತ್ರಿ ನೋಡಲಿ. ಅವರನ್ನ ಇಳಿಸಿ ಮನೆ ಕಡೆ ತಿರುಗಿಸಿದ ಮೇಲೂ ಯಾಕೆ ಅಂತ ಕೇಳ್ತಿದ್ದೀನಿ. ಬಟನ್ ಬೇರೆ, ಇಪ್ಪತ್ನಾಲ್ಕು ಗಂಟೆ ಹಿಂಬಾಲಿಸೋದು ಬೇರೆ.

ರಾತ್ರಿ ಪಾಳಿ
ಹಾಗಾದ್ರೆ ಡ್ಯೂಟಿ ಆನ್, ಡ್ಯೂಟಿ ಆಫ್ ಅಂತ ಮಾಡಬಹುದಲ್ವಾ? ಆಫ್ ಇದ್ದಾಗ ಬಟನ್ ಒತ್ತಿದ್ರೆ ಮಾತ್ರ ಜಾಗ ಹೋಗಲಿ.

ನಿವೃತ್ತ ಪಿಎಸ್‌ಐ, ತುಮಕೂರು
ಒಳ್ಳೆಯ ಮನಸ್ಸಿನ ಸಲಹೆ ತಾಯಿ. ಆದರೆ ಕೆಟ್ಟ ಕೆಲಸಕ್ಕೆ ಹೊರಟವನು ಮೊದಲು ಆಫ್ ಮಾಡಿಯೇ ಹೊರಡುತ್ತಾನೆ. ಪೆಟ್ಟಿಗೆ ಕೆಲಸ ಮಾಡುತ್ತಿರಲಿ. ಒಳಗಿನ ದಾಖಲೆಯನ್ನು ತೆರೆಯಲು ಎಫ್‌ಐಆರ್ ನಂಬರ್ ಬೇಕು ಎಂದು ಕಟ್ಟು ಮಾಡಿ.

ವಕೀಲೆ, ಧಾರವಾಡ
ಪಿಎಸ್‌ಐ ಅವರ ಕೊನೇ ಸಾಲು ಅದ ನೋಡ್ರಿ, ಅಲ್ಲೇ ಇರೋದು ಈ ಚರ್ಚಾದ ಜೀವ. ಕಾನೂನಿನ ಸ್ಥಿತಿ ಏನದ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ರು. ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಾಗ ಕೋರ್ಟ್ ಮೆಟ್ಟಿಲು ಹತ್ತಿದಾಗ ಅವರಿಗೆ ಎಂಬತ್ತೈದು ದಾಟಿತ್ತು. 2024ರ ಅಕ್ಟೋಬರ್‌ದಾಗ ತೀರಿಕೊಂಡ್ರು. ಆ ತೀರ್ಪಿನ ಪ್ರಕಾರ ಸರ್ಕಾರ ನಮ್ಮ ಖಾಸಗಿತನದಾಗ ಕೈ ಹಾಕಬೇಕಂದ್ರ ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕ ಎಷ್ಟು ಬೇಕೋ ಅಷ್ಟೇ ಇರಬೇಕು. ಪೊಲೀಸರು ಸುಳ್ಳೇ ಹಿಂಬಾಲಿಸೋದರ ಪ್ರಶ್ನೆ ಹೊಸಾದಲ್ಲ. ಖರಕ್ ಸಿಂಗ್ ಅನ್ನೋವರು ರಾತ್ರಿ ಹೊತ್ತು ಪೊಲೀಸರು ಮನೆ ಬಾಗಿಲು ಬಡಿಯೋದನ್ನ ಪ್ರಶ್ನೆ ಮಾಡಿ ಅರವತ್ತರ ದಶಕದಾಗೇ ಸುಪ್ರೀಂ ಕೋರ್ಟಿಗೆ ಹೋಗಿದ್ರು. ಆಗ ಖಾಸಗಿತನ ಹಕ್ಕಲ್ಲ ಅಂದಿದ್ದ ಭಾಗಾನ 2017ರಾಗ ತಳ್ಳಿ ಹಾಕ್ಯಾರ.

ಇನ್ನ ಕ್ಯಾಮೆರಾದ ಕಾನೂನು. ಮೋಟಾರು ವಾಹನ ಕಾಯ್ದೆಗೆ 2019ರಾಗ 136ಎ ಕಲಂ ಸೇರಿತು, 2021ರ ಆಗಸ್ಟ್‌ದಾಗ ಅದರ ಕೆಳಗ 167ಎ ನಿಯಮ ಬಂತು. ಅದರಾಗ ಒಳ್ಳೇ ಮಾತುಗಳವ. ಕ್ಯಾಮೆರಾ ಇರೋ ರಸ್ತೆಗೆ ಮೊದಲೇ ಎದ್ದು ಕಾಣೋ ಹಂಗ ಫಲಕ ಹಾಕಬೇಕು. ಉಪಕರಣಕ್ಕ ಪ್ರಮಾಣಪತ್ರ ಇರಬೇಕು, ಅದನ್ನ ವರ್ಷಾ ವರ್ಷಾ ನವೀಕರಿಸಬೇಕು. ತಪ್ಪಾದ 15 ದಿನದೊಳಗ ನೋಟಿಸ್ ಕಳಿಸಬೇಕು. ಚಲನ್ ಇತ್ಯರ್ಥ ಆಗೋತನಕ ದಾಖಲೆ ಇಡಬೇಕು. ಲಾರಿ ಆಫೀಸಿನವ್ರ, ಇಂಥ ನೋಟಿಸ್ ಮತ್ತ ಬಂದ್ರ ಆ ಪ್ರಮಾಣಪತ್ರ ಕೇಳ್ರಿ, ಅದು ನಿಮ್ಮ ಹಕ್ಕು.

ಆದ್ರ ಈ ನಿಯಮದ ಕಣ್ಣು ಇರೋದು ತಪ್ಪು ಮಾಡಿದ ಗಾಡಿ ಮ್ಯಾಲೆ. ಹಾಸನದವರು ಕೇಳೋದು ತಪ್ಪು ಮಾಡದ ಗಾಡಿ ಬಗ್ಗೆ. ಅದಕ್ಕ 2023ರ ಡೇಟಾ ಸಂರಕ್ಷಣಾ ಕಾಯ್ದೆ ನೋಡೋಣ ಅಂದ್ರ, ಅಪರಾಧ ತಡೆ ಮತ್ತ ತನಿಖೆಗೆ ವಿನಾಯಿತಿ ಅದ. ಸರ್ಕಾರ ಅಧಿಸೂಚನೆ ಹೊರಡಿಸಿದ ಸಂಸ್ಥೆಗಳಿಗೆ ಇನ್ನೂ ದೊಡ್ಡ ವಿನಾಯಿತಿ ಅದ.

ನನಗ ಸಿಟ್ಟು ಬರೋದು ಎಲ್ಲಿ ಅಂದ್ರ, 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಮಾಲ್‌ಗಳು, ದೊಡ್ಡ ಅಂಗಡಿಗಳು ಸಿಸಿಟಿವಿ ಹಾಕಿ 30 ದಿನ ದೃಶ್ಯ ಇಟ್ಕೋಬೇಕು ಅಂತ ದಿನದ ಲೆಕ್ಕ ಬರೆದು ಹೇಳ್ತದ. ಅಂಗಡಿಯವನಿಗೆ ಲೆಕ್ಕ ಬರೆದುಕೊಟ್ಟ ಸರ್ಕಾರ ತನಗೂ ಒಂದು ಲೆಕ್ಕ ಬರ್ಕೋಬೇಕಲ್ಲ?

ಕುಡ್ಲದ ಹುಡುಗಿ
ಪೊಲೀಸರ ಬಗ್ಗೆ ಮಾತ್ರ ಮಾತಾಡ್ತಿದ್ದೀರಿ, ಮನೆಯೊಳಗಿನ ಕಥೆ ಯಾರೂ ಹೇಳ್ಲಿಲ್ಲ ಮಾರಾಯ್ರೆ. ನಾನು ಓಡಿಸುವ ಕಾರು ಅಪ್ಪನ ಹೆಸರಲ್ಲಿ ಉಂಟು. ಟೋಲ್ ದಾಟಿದ ಕೂಡ್ಲೇ ಅಪ್ಪನ ಮೊಬೈಲಿಗೆ ಮೆಸೇಜ್, ಯಾವ ಟೋಲ್, ಎಷ್ಟು ಗಂಟೆ ಅಂತ. ನಮ್ಮಪ್ಪ ಒಳ್ಳೆಯವರು, ಕೇಳುವುದಿಲ್ಲ. ನನ್ನ ಗೆಳತಿಯ ಗಂಡ ಪ್ರತಿ ಮೆಸೇಜಿಗೂ ಫೋನ್ ಮಾಡ್ತಾನೆ.

ಪಕ್ಕದ ಕೇರಳದಲ್ಲಿ 2023ರ ಏಪ್ರಿಲ್‌ನಲ್ಲಿ 726 ಕ್ಯಾಮೆರಾ ಹಾಕಿದ್ರಲ್ಲ, ಆಗ ತಿರುವನಂತಪುರದಲ್ಲಿ ಒಬ್ಬ ಹೆಲ್ಮೆಟ್ ಇಲ್ಲದೆ ಸ್ಕೂಟರಲ್ಲಿ ಹೋದ. ಹಿಂದೆ ಒಬ್ಬ ಹೆಂಗಸು ಕೂತಿದ್ರು. ಸ್ಕೂಟರ್ ಹೆಂಡತಿ ಹೆಸರಲ್ಲಿ ಇದ್ದದ್ದರಿಂದ ಫೋಟೊ ಹೋದದ್ದು ಅವರ ಮೊಬೈಲಿಗೆ. ಮನೆಯಲ್ಲಿ ಜಗಳ ಆಯ್ತು, ಅವನು ಹೆಂಡತಿ ಮಗುವಿಗೆ ಹೊಡೆದ ಅಂತ ಕೇಸ್ ಆಗಿ ಅರೆಸ್ಟ್ ಆದ. ತುಂಬಾ ಜನ ಅದನ್ನ ಓದಿ ನಕ್ಕರು. ನನಗೆ ನಗು ಬರ್ಲಿಲ್ಲ. ಪೆಟ್ಟು ತಿಂದದ್ದು ಹೆಂಡತಿ, ಊರಿಡೀ ಮಾತಿಗೆ ಸಿಕ್ಕಿದ್ದು ಹಿಂದೆ ಕೂತವರು. ಓವರ್‌ಸ್ಪೀಡಿಗೆ ನಂಬರ್ ಪ್ಲೇಟ್ ಸಾಕಲ್ಲ, ಪಕ್ಕದಲ್ಲಿ ಕೂತವರ ಮುಖ ಯಾಕೆ ಕಳಿಸಬೇಕು? ಮಸುಕು ಮಾಡಿ ಕಳಿಸ್ಲಿಕ್ಕೆ ಆಗುದಿಲ್ವಾ?

ಕೋಡ್ ಕುಲುಮೆ
ಖಂಡಿತ ಆಗುತ್ತೆ. ಮುಖ ಗುರುತಿಸಿ ಮಸುಕು ಮಾಡೋದು ಪ್ಲೇಟ್ ಓದೋದಕ್ಕಿಂತ ಕಷ್ಟದ ಕೆಲಸ ಅಲ್ಲ. ಟೆಂಡರ್‌ನಲ್ಲಿ ಕೇಳಿದ್ರೆ ಕಂಪನಿಗಳು ಮಾಡಿಕೊಡ್ತವೆ.

ಸ್ಟುಟ್‌ಗಾರ್ಟ್ ಕನ್ನಡಿಗ
ನಾನಿರೋ ರಾಜ್ಯದ ಕಾನೂನೇ ಈ ವಿಷಯಕ್ಕೆ ಕೋರ್ಟಲ್ಲಿ ಪರೀಕ್ಷೆಗೆ ಒಳಗಾಗಿದ್ದರಿಂದ ಬರೀತಿದ್ದೀನಿ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2008ರಲ್ಲಿ ಎರಡು ರಾಜ್ಯಗಳ ಪ್ಲೇಟ್ ಓದೋ ಕಾನೂನನ್ನ ರದ್ದು ಮಾಡಿತು. ಪಟ್ಟಿ ಜೊತೆ ತಾಳೆ ಆಗದ ನಂಬರನ್ನ ಆ ಕ್ಷಣವೇ, ಗುರುತೂ ಉಳಿಯದ ಹಾಗೆ ಅಳಿಸಿದ್ರೆ ಮಾತ್ರ ಹಕ್ಕಿಗೆ ಧಕ್ಕೆ ಇಲ್ಲ ಅಂತ ಆಗ ಹೇಳಿತ್ತು. 2018ರ ಡಿಸೆಂಬರ್‌ನಲ್ಲಿ ಇನ್ನೂ ಮುಂದೆ ಹೋಯಿತು. ಅಳಿಸಿದ್ರೂ ಸರಿ, ಸುಮ್ಮನೆ ಹೋಗ್ತಿರೋ ಒಬ್ಬನ ಪ್ಲೇಟನ್ನ ಪರೀಕ್ಷೆ ಮಾಡೋದೇ ಅವನ ಹಕ್ಕಿನಲ್ಲಿ ಕೈ ಹಾಕಿದ ಹಾಗೆ, ಅದಕ್ಕೆ ತಕ್ಕ ಕಾರಣ ಬೇಕು ಅಂದಿತು. ಬವೇರಿಯಾ, ಹೆಸ್ಸೆ, ನಮ್ಮ ಬಾಡೆನ್-ವುರ್ಟೆಂಬರ್ಗ್ ಕಾನೂನುಗಳ ಕೆಲವು ಭಾಗ ಬಿದ್ದುಹೋದವು.

ಇಲ್ಲಿ ಪೊಲೀಸರ ಕೈ ಕಟ್ಟಿದ್ದಾರೆ ಅಂತ ಪಿಎಸ್‌ಐ ಅವರು ಅಂದುಕೊಳ್ಳಬಾರದು. ಹೆದ್ದಾರಿಗಳಲ್ಲಿ ಬೇರೆ ಗಾಡಿಗಳ ಮೇಲೆ ವರ್ಷಗಟ್ಟಲೆ ಗುಂಡು ಹಾರಿಸ್ತಿದ್ದ ಲಾರಿ ಚಾಲಕನೊಬ್ಬ ಇದ್ದ. ಗುಂಡು ಬಿದ್ದ ದಾರಿಗಳ ಆಯ್ದ ಜಾಗಗಳಲ್ಲಿ ಪ್ಲೇಟ್ ಓದೋ ಯಂತ್ರ ಇಟ್ಟು 2013ರಲ್ಲಿ ಹಿಡಿದ್ರು. ಒಂದು ಅಪರಾಧ, ಅದಕ್ಕೊಂದು ತನಿಖೆ, ಅದಕ್ಕೆ ಬೇಕಾದಷ್ಟು ಕ್ಯಾಮೆರಾ.

ಲಾರಿ ಆಫೀಸಿನವರಿಗೆ ಇದು ಆಸಕ್ತಿ ಆಗಬಹುದು: ಇಲ್ಲಿ ಲಾರಿಗಳ ಟೋಲ್ ದಾಖಲೆಯನ್ನ ಟೋಲ್ ವಸೂಲಿ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಅಂತ ಕಾನೂನೇ ಇದೆ. ಪೊಲೀಸರಿಗೂ ಕೊಡಂಗಿಲ್ಲ.

ರಾಣೆಬೆನ್ನೂರು ಲಾರಿ ಆಫೀಸ್
ಇದನ್ನ ಕೇಳಿ ಹೊಟ್ಟಿ ತಣ್ಣಗಾತು. ನಮ್ಮಲ್ಲಿ ಸರ್ಕಾರನ ಆರ್‌ಸಿ, ಲೈಸೆನ್ಸ್ ಮಾಹಿತಿ ಮಾರಿತ್ತಲ್ರಿ?

ವಕೀಲೆ, ಧಾರವಾಡ
ಹೌದ್ರಿ. 2019ರಾಗ ಕೇಂದ್ರ ಸಾರಿಗೆ ಸಚಿವಾಲಯ ಒಂದು ನೀತಿ ತಂದು ವಾಹನ್ (ಗಾಡಿ ನೋಂದಣಿ), ಸಾರಥಿ (ಲೈಸೆನ್ಸ್) ದತ್ತಾಂಶ ಮಾರಾಟಕ್ಕಿಟ್ಟಿತ್ತು. 87 ಖಾಸಗಿ ಕಂಪನಿಗಳಿಗೆ ಕೊಟ್ಟು 65 ಕೋಟಿ ಬಂದದ ಅಂತ ಆ ವರ್ಷ ಸಂಸತ್ತಿನ್ಯಾಗ ಹೇಳಿದ್ರು. ಖಾಸಗಿತನದ ಆಕ್ಷೇಪ ಬಂದ ಮ್ಯಾಲೆ 2020ರ ಜೂನ್‌ದಾಗ ನೀತಿ ರದ್ದಾತು. ಗಾಡಿ ನೋಂದಣಿಗೆ ಅಂತ ಕೊಟ್ಟ ಮಾಹಿತಿ ಅದು. ಒಂದು ಕೆಲಸಕ್ಕ ಕೂಡಿಸಿದ್ದು ಇನ್ನೊಂದಕ್ಕ ಹರಿಯದಂಗ ಒಡ್ಡು ಹಾಕೋದು ಅದಕ್ಕ ಬೇಕು.

ಮಂಡ್ಯದ ಹೈದ
ಎಲ್ಲ ಓದಿದೆ. ಕ್ಯಾಮೆರಾ ಬೇಕು ಅನ್ನೋ ನನ್ನ ಮಾತು ಈಗ್ಲೂ ಅದೇಯ. ಆದ್ರೆ ರಸ್ತೇಲಿ ನಿಂತಿದ್ದ ದರ್ಬಾರು ಕಂಪ್ಯೂಟರ್ ಮುಂದೆ ಹೋಗಿ ಕೂತ್ಕೊಂಡ್ರೆ ಏನ್ ಬಂತು? ಸ್ಟೇಷನ್ನಲ್ಲಿ ಯಾರಾದ್ರೂ ತನಗಾಗದವನ ಗಾಡಿ ನಂಬರ್ ಹಾಕಿ ನೋಡಿದ್ರೆ ಗೊತ್ತಾಯ್ತದಾ?

ಕೋಡ್ ಕುಲುಮೆ
ಗೊತ್ತಾಗೋ ಹಾಗೆ ಮಾಡಬಹುದು. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಸೆಡ್ಜ್‌ವಿಕ್ ಅಂತ ಸಣ್ಣ ಊರು. ಅಲ್ಲಿನ ಪೊಲೀಸ್ ಮುಖ್ಯಸ್ಥ ತನ್ನ ಮಾಜಿ ಗೆಳತಿ, ಅವಳ ಹೊಸ ಗೆಳೆಯ ಇಬ್ಬರ ಗಾಡಿಗಳನ್ನೂ ಕೆಲವೇ ತಿಂಗಳಲ್ಲಿ 228 ಸಲ ಹುಡುಕಿದ್ದ. ಆ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಸಿಕ್ಕಿದ್ದು ಯಾರು ಯಾವಾಗ ಯಾವ ನಂಬರ್ ಹುಡುಕಿದ್ರು ಅನ್ನೋದನ್ನ ಸಿಸ್ಟಂ ಬರೆದಿಟ್ಟಿದ್ದರಿಂದ. ಬರೆದಿಟ್ಟರೆ ಸಾಲದು, ಆ ಠಾಣೆಗೆ ಸೇರದ ಇನ್ನೊಬ್ಬರು ತಿಂಗಳಿಗೊಮ್ಮೆ ಅದನ್ನ ತೆಗೆದು ಓದಬೇಕು.

ನಿವೃತ್ತ ಪಿಎಸ್‌ಐ, ತುಮಕೂರು
ಇದಕ್ಕೆ ನನ್ನ ಪೂರ್ಣ ಸಮ್ಮತಿ. ಠಾಣೆಯ ದಿನಚರಿಯಲ್ಲಿ ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಹೋದರು ಎಂದು ನಾವು ಪ್ರತಿದಿನ ಬರೆಯುತ್ತಿದ್ದೆವು, ಮೇಲಿನವರು ಬಂದು ಸಹಿ ಮಾಡುತ್ತಿದ್ದರು. ನಂಬರ್ ಹುಡುಕುವುದಕ್ಕೂ ಅದೇ ಶಿಸ್ತು ಇರಲಿ. ಪ್ರಾಮಾಣಿಕ ಅಧಿಕಾರಿಗೆ ಇದರಿಂದ ಅಡ್ಡಿಯಿಲ್ಲ, ನಾಳೆ ಯಾರಾದರೂ ಸುಳ್ಳು ಆರೋಪ ಹೊರಿಸಿದರೆ ಅವನಿಗೇ ರಕ್ಷಣೆ. ಎಷ್ಟು ದಿನ ಇಡಬೇಕೆಂದರೆ, ನನ್ನ ಅನುಭವದಲ್ಲಿ ಒಂದು ತಿಂಗಳು ಸಾಕು. ಪ್ರಕರಣ ದಾಖಲಾದ ಗಾಡಿಯದ್ದನ್ನು ಮಾತ್ರ ತೆಗೆದು ಬೇರೆ ಇಡಲಿ.

ಸ್ಟುಟ್‌ಗಾರ್ಟ್ ಕನ್ನಡಿಗ
ಒಂದು ತಿಂಗಳೂ ಜಾಸ್ತಿ ಅಂತಲೇ ನನ್ನ ಅಭಿಪ್ರಾಯ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ತಾಳೆ ಆಗದ ನಂಬರನ್ನ ಮೂರು ನಿಮಿಷದೊಳಗೆ ಅಳಿಸಬೇಕು ಅನ್ನೋ ಕಾನೂನಿದೆ. ಅಲ್ಲೂ ಪೊಲೀಸರು ಕಳ್ಳರನ್ನ ಹಿಡೀತಾರೆ.

ಹಾಸನದ ಹಳದಿ ಬೋರ್ಡ್
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಕೀಲ ಮೇಡಂ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ ಅಂತಿದ್ದೀನಿ. ಫಾಸ್ಟ್‌ಟ್ಯಾಗ್, ಕ್ಯಾಮೆರಾ, ವಿಎಲ್‌ಟಿಡಿ ಮೂರನ್ನೂ ಒಂದೇ ಅರ್ಜೀಲಿ ಕೇಳಬಹುದಾ?

ವಕೀಲೆ, ಧಾರವಾಡ
ಬ್ಯಾಡ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗ ಇರಬೇಕು. ಮೀರಿದ್ರ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರ. ವಿಎಲ್‌ಟಿಡಿಗೆ ಸಾರಿಗೆ ಇಲಾಖೆಗೆ ಒಂದು, ಕ್ಯಾಮೆರಾಕ್ಕ ಪೊಲೀಸ್ ಇಲಾಖೆಗೆ ಇನ್ನೊಂದು ಹಾಕ್ರಿ. ಶುಲ್ಕ ಒಂದೊಂದಕ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೀತದ.

"ನನ್ನ ಗಾಡಿ ಎಲ್ಲಿ ಹೋಗಿತ್ತು ಕೊಡ್ರಿ" ಅಂತ ಕೇಳಬ್ಯಾಡ್ರಿ. ಹಿಂಗ ಕೇಳ್ರಿ: ಉಲ್ಲಂಘನೆ ಮಾಡದ ವಾಹನದ ದಾಖಲೆಯನ್ನು ಎಷ್ಟು ದಿನ ಇಡಬೇಕೆಂಬ ಆದೇಶದ ಪ್ರತಿ, ಆ ದಾಖಲೆ ನೋಡಲು ಯಾವ ದರ್ಜೆಯ ಅಧಿಕಾರಿಗೆ ಅನುಮತಿ ಇದೆ ಎಂಬ ಆದೇಶದ ಪ್ರತಿ, ಯಾರು ನೋಡಿದರೆಂಬ ದಾಖಲೆಯ ತಪಾಸಣೆ ಕೊನೆಯದಾಗಿ ಯಾವಾಗ ಆಯಿತು ಎಂಬುದರ ವರದಿಯ ಪ್ರತಿ. ಆದೇಶದ ಪ್ರತಿ ಅಂತ ಕೇಳಿದ್ರ ಇರೋದು ಕೊಡಬೇಕು, ಇಲ್ಲಾಂದ್ರ ಇಲ್ಲ ಅಂತ ಬರಹದಾಗ ಹೇಳಬೇಕು. ಎರಡೂ ನಮಗ ಉಪಯೋಗನ. 30 ದಿನದೊಳಗ ಉತ್ತರ ಬರಲಿಲ್ಲ ಅಂದ್ರ ಮೊದಲ ಮೇಲ್ಮನವಿ ನಾನ ಬರೆದು ಕೊಡ್ತೀನಿ, ಫೀಸ್ ಬ್ಯಾಡ.

ರಾಣೆಬೆನ್ನೂರು ಲಾರಿ ಆಫೀಸ್
ನಾನೂ ಒಂದು ಅರ್ಜಿ ಹಾಕ್ತೀನಿ. ಆ ಓವರ್‌ಸ್ಪೀಡ್ ಕ್ಯಾಮೆರಾದ ಪ್ರಮಾಣಪತ್ರ ಕೇಳಿ.

ಹಾಸನದ ಹಳದಿ ಬೋರ್ಡ್
ಆಯ್ತು ಮೇಡಂ. ಸೋಮವಾರ ಪೋಸ್ಟ್ ಆಫೀಸಿಗೆ ಹೋಗಿ ಎರಡು ಪೋಸ್ಟಲ್ ಆರ್ಡರ್ ತಗೋತೀನಿ. ಕಳಿಸೋ ಮುಂಚೆ ಅರ್ಜಿ ಇಲ್ಲೇ ಹಾಕ್ತೀನಿ, ಪದ ಎಣಿಸಿ ಹೇಳಿ.